ರೂತಮ್ಮನ ಕಲ್ಲು

ಫೆಬ್ರುವರಿ ೧೧, ಭಾನುವಾರ

ಚರ್ಚಿನಿಂದ ಬಂದು ಅವ್ವನಿಗೆ ಗಂಜಿ ಕುಡಿಸಿದೆ. ಎರಡೇ ಚಮಚ. ನಾಳೆ ಅಂಗನವಾಡಿಗೆ ಮೊಟ್ಟೆ ಬರುತ್ತವೆ, ರಿಜಿಸ್ಟರ್ ತುಂಬಿಲ್ಲ...

ಅವ್ವ ಮಲಗಿದ್ದಲ್ಲೇ ನನ್ನ ಕೈ ಹಿಡಿದಳು. "ಸರಿತಾ, ನನ್ನ ಗೋರಿ ಕಲ್ಲಿನ ಮ್ಯಾಲ ರೂತಮ್ಮ ಅಂತ ಬರಸು. ಶಿಲುಬಿ ಇರಲಿ. ಲಾಲಮ್ಮ ಅಂತ ಬರಸಬ್ಯಾಡ."

"ಆಯ್ತವ್ವ" ಅಂದೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಎರಡು ಹೆಸರು. ಚರ್ಚಿನಲ್ಲಿ ಒಂದು, ಸರ್ಟಿಫಿಕೇಟಿನಲ್ಲಿ ಒಂದು. ಅವ್ವ ಅಲ್ಲಿ ರೂತಮ್ಮ, ಇಲ್ಲಿ ಲಾಲಮ್ಮ. ಕಾಗದದಲ್ಲಿ ಹಿಂದೂ, ಎಸ್.ಸಿ. ಕ್ರೈಸ್ತರು ಅಂದರೆ ಎಸ್.ಸಿ. ಹೋಯಿತು. ಶಹಾಪುರದ ಆಫೀಸಿನಲ್ಲಿ ತಮ್ಮ ಕಾಂತೇಶನ ನೌಕರಿ ಅದರ ಮೇಲೆ. ನನ್ನದೂ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ಫೆಬ್ರುವರಿ ೧೯, ಸೋಮವಾರ

ಅವ್ವ ಶುಕ್ರವಾರ ಹೋದಳು. ಶನಿವಾರ ಮಣ್ಣು ಮಾಡಿದೆವು. ಬರೆಯಲು ಆಗಿರಲಿಲ್ಲ. ಇವತ್ತು ಸಿಟ್ಟಿಗೆ ಬರೆಯುತ್ತಿದ್ದೇನೆ.

ಕುಣಿಯ ಹತ್ತಿರ ಕಾಂತೇಶ ಪಾಸ್ಟರನ್ನು ಬದಿಗೆ ಕರೆದ. ಏನೋ ಪಿಸುಗುಟ್ಟಿದ. ಅವರು ತಿರುಗಿ ಬಂದು "ನಮ್ಮ ತಾಯಿ ಲಾಲಮ್ಮ" ಅಂತ ಪ್ರಾರ್ಥನೆ ಶುರು ಮಾಡಿದರು. ಮೂವತ್ತು ವರ್ಷ ರೂತಮ್ಮ ಎಂದು ಕರೆದ ಬಾಯಿ ಅದು!

ಆಮೇಲೆ ಕೇಳಿದೆ. "ದೇವರಿಗೆ ಹೆಸರು ಗೊತ್ತದ ತಂಗಿ, ನೀ ಹೆದರಬ್ಯಾಡ" ಅಂದರು. ಹೆದರಿದ್ದು ನಾನಾ?

ಕಾಂತೇಶನಂತೂ ಮುಖ ಕೊಟ್ಟು ಮಾತಾಡಲಿಲ್ಲ. "ಅಕ್ಕಾ, ಪ್ರಮೋಷನ್ ಫೈಲ್ ಮ್ಯಾಲ ಹೋಗ್ಯದ. ಆಫೀಸಿನಾಗ ಆ ನಾಗಣ್ಣ ನನ್ನ ಸರ್ಟಿಫಿಕೇಟ್ ಮ್ಯಾಲ ಅರ್ಜಿ ಕೊಡಾಕ ಕಾಯಾಕತ್ತಾನ. ಎರಡು ಮಕ್ಕಳವ. ನೌಕರಿ ಹೋದ್ರ ನೀ ಸಾಕತೀ ಏನು?"

ಹೇಡಿ ಅಂದೆ. ಅವನ ಹೆಂಡತಿ ಪರಿಮಳಾ, ಮಕ್ಕಳು, ಎಲ್ಲರ ಮುಂದೆ ಅಂದೆ. ತಪ್ಪಾಯಿತು ಅಂತ ಈಗಲೂ ಅನ್ನಿಸುತ್ತಿಲ್ಲ.

ಫೆಬ್ರುವರಿ ೨೭, ಮಂಗಳವಾರ

ಕಲ್ಲು ಕೆತ್ತುವ ಖಾಜಾಹುಸೇನರ ಹತ್ತಿರ ಹೋದೆ. ಕಾಂತೇಶ ಆಗಲೇ ಫೋನ್ ಮಾಡಿದ್ದಾನಂತೆ — ಲಾಲಮ್ಮ ಅಂತ ಕೆತ್ತರಿ, ಶಿಲುಬೆ ಬ್ಯಾಡ, ಒಂದು ಹೂವು ಸಾಕು ಅಂತ. ಹೂವು!

"ನೀವೇನಂತೀರಿ ಟೀಚರಮ್ಮ? ಒಮ್ಮೆ ಕೆತ್ತಿದ್ರ ಅಳಸಾಕ ಬರಂಗಿಲ್ರಿ."

ಬಾಯಿ ತೆರೆದೆ. ಅಂಗನವಾಡಿ ಸೂಪರ್‌ವೈಸರ್ ಕಣ್ಣ ಮುಂದೆ ಬಂದಳು, ಸರ್ಟಿಫಿಕೇಟಿನ ಜೆರಾಕ್ಸ್ ಇಟ್ಟಿರುವ ಫೈಲು ಬಂತು. "ನಾಳಿ ಹೇಳ್ತೀನ್ರಿ" ಅಂದು ಆಟೋ ಹತ್ತಿದೆ.

ಹೇಡಿ ಯಾರು ಈಗ? ತಮ್ಮನಿಗೆ ಅಂದಿದ್ದನ್ನು ನನಗೆ ನಾನೇ ಅಂದುಕೊಂಡೆ.

ಮಾರ್ಚ್ ೩, ಭಾನುವಾರ

ಮೊಣಕಾಲೂರಿ ಒಂದೇ ಬೇಡಿಕೆ — ಈ ಹೆದರಿಕೆ ತೆಗಿ ದೇವರೇ. ತೆಗೆಯಲಿಲ್ಲ. ದೇವರ ಮೇಲೂ ಸಿಟ್ಟು ಬಂತು. ಬರಲಿ. ಅವನಿಗೆ ಹೇಳದೆ ಇನ್ನಾರಿಗೆ ಹೇಳಲಿ?

ಅವ್ವ ದೀಕ್ಷಾಸ್ನಾನ ತೆಗೆದುಕೊಂಡದ್ದು ಕಾಲುವೆಯಲ್ಲಿ. ದಂಡೆಯ ಮೇಲೆ ಊರ ಮಂದಿ ಬೈಯುತ್ತ ನಿಂತಿದ್ದರು, ಅಪ್ಪನೂ ಅವರ ಜೊತೆಗೆ. ಹೆದರಿಕೆ ಆಗಲಿಲ್ಲೇನು ಅಂತ ಒಮ್ಮೆ ಕೇಳಿದ್ದೆ. "ಆಗದೇನು? ಹಲ್ಲು ಕಟಕಟ ಅಂತಿದ್ದವು. ಯೇಸಪ್ಪ ಹೆದರಿಕಿ ತಗೀಲಿಲ್ಲವ್ವ. ನನ್ನ ಕೂಡ ನೀರಿಗೆ ಇಳದ."

ಹಾಗಾದರೆ ಹೆದರಿಕೆ ಹೋಗಲಿ ಅಂತ ನಾನು ಕಾಯುತ್ತ ಕೂತದ್ದೇ ತಪ್ಪು.

ಮಾರ್ಚ್ ೫, ಮಂಗಳವಾರ

ಹೇಳಿ ಬಂದೆ. ರೂತಮ್ಮ. ಶಿಲುಬೆ. ಹೆದರಿಕೆ ಹೋಗಿರಲಿಲ್ಲ, ಆದರೂ ಹೇಳಿದೆ.

ನಮ್ಮಲ್ಲಿ ಕಲ್ಲಿನ ಬುಡಕ್ಕೆ ಮಕ್ಕಳ ಹೆಸರೂ ಕೆತ್ತಿಸುತ್ತಾರೆ. ಖಾಜಾಹುಸೇನರು ಕೇಳಿದರು. "ಸರಿತಾ ಅಂತ ಒಂದೇ ಬರೀರಿ" ಅಂದೆ, ನನ್ನ ಸರ್ಟಿಫಿಕೇಟಿನ ಹೆಸರೇ. ಕಾಂತೇಶನ ಕಾಗದದಲ್ಲಿ ತಾಯಿ ಲಾಲಮ್ಮ. ಈ ರೂತಮ್ಮ ಯಾರೋ ಸರಿತಾಳ ತಾಯಿ. ಯಾವ ನಾಗಣ್ಣ ಬಂದು ಫೋಟೋ ಹೊಡೆದರೂ ಹೋಗುವುದು ನನ್ನ ನೌಕರಿ.

ಅವನನ್ನು ಉಳಿಸಲು ಅಂತ ಹಾಗೆ ಮಾಡಿದೆ. ಸುಳ್ಳು ಯಾಕೆ ಬರೆಯಲಿ... ಅವನಿಗೆ ಉರಿಯಲಿ ಅಂತಲೂ ಮಾಡಿದೆ.

ಮಾರ್ಚ್ ೯, ಶನಿವಾರ

ಕಲ್ಲು ನಿಲ್ಲಿಸಿದೆವು. ಕಾಂತೇಶ ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ಜಗಳಕ್ಕೆ ಸಿದ್ಧವಾಗಿದ್ದೆ, ಬೈಗುಳ ಎಲ್ಲ ಬಾಯಲ್ಲಿತ್ತು.

ಶಿಲುಬೆ ನೋಡಿದ. ಅವ್ವನ ಹೆಸರು ಓದಿದ. ನನ್ನ ಹೆಸರು ಓದಿದ. ಅದರ ಕೆಳಗೆ ಬರಿ ಕಲ್ಲು. ಅಲ್ಲಿ ಕೈ ಇಟ್ಟ.

"ನಂದೆಲ್ಲಿ ಅಕ್ಕಾ?"

"ನಿನ್ನ ಫೈಲಿನಾಗ ಅದ, ಹೋಗಿ ನೋಡಕೋ."

ಕುಕ್ಕರಗಾಲಲ್ಲಿ ಕೂತು ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ಖಾಜಾಸಾಬ್ರ, ಉಳಿ ತಂದೀರೇನು? ನಂದೂ ಕೆತ್ತರಿ" ಅಂದ.

ಮೂರು ವಾರ ನಾನು ಬಯಸಿದ್ದು ಇದೇ. ಆದರೆ ನೆನಪಾದದ್ದು ಪರಿಮಳಾ, ಆ ಎರಡು ಮಕ್ಕಳು... "ಬ್ಯಾಡ್ರಿ, ಕೆತ್ತಬ್ಯಾಡ್ರಿ!" ಅಂತ ಚೀರಿದೆ. ಅವನನ್ನು ಹೇಡಿ ಅಂದವಳು ನಾನೇ, ಉಳಿಗೆ ಅಡ್ಡ ಕೈ ಹಿಡಿದವಳೂ ನಾನೇ.

ಕಾಂತು ನನ್ನ ಕೈ ಸರಿಸಿದ.

"ನಂಗೂ ಅವ್ವ ಅಲ್ಲೇನು? ಕೆತ್ತರಿ."

'ಕಾ' ಮೂಡಿತು. ಅದನ್ನು ನೋಡಿ ನಾನು ಕಾಂತುವಿನ ಪಕ್ಕ ಕೂತೆ, ಉಳಿಗೆ ಅಡ್ಡ ಹಿಡಿದಿದ್ದ ಕೈಯಿಂದಲೇ ಕಲ್ಲಿನ ಪುಡಿ ಒರೆಸಿ ಮುಂದಿನ ಅಕ್ಷರಕ್ಕೆ ಜಾಗ ಮಾಡಿಕೊಟ್ಟೆ.