ಅಪ್ಪನ ಕೈಯ ಲಾಡಿ

ಬೆಟಗೇರಿ
ತಾ. ೬-೧೧-೧೯೮೩

ತಮ್ಮ ಇಸಾಕಗ ನಿನ್ನ ಅಕ್ಕ ರಸೂಲಬಿಯ ಸಲಾಮು.

ಗೋವಾದಾಗ ನೀ, ನಿನ್ನ ಹೊಸ ಹೆಂಡ್ತಿ, ಕೂಸು ಆರಾಮ ಇರಬೇಕಂತ ದುವಾ ಮಾಡ್ತೀನಿ. ಕಾಗದ ಬರಿಯೂದು ತಡಾ ಆತು, ಸಿಟ್ಟಾಗಬ್ಯಾಡ. ಸಿಟ್ಟಾಗಾಕ ನಿನಗೇನು ಹಕ್ಕೈತಿ, ಅದೂ ಒಂದು ಮಾತು! ಎರಡು ಸರ್ತಿ ಬರದು, ಹರದು ಒಲಿಗೆ ಹಾಕೇನಿ.

ನಿನ್ನ ಮಗ ಮಾಶಾಕನ್ನ ಪೊಲೀಸರು ಒಯ್ದು, ತಪ್ಪು ಮಾಡಿದ ಹುಡುಗರನ್ನ ಇಡೂ ಸರ್ಕಾರಿ ಮನ್ಯಾಗ ಇಟ್ಟಾರ.

ಈ ಮೊಹರಂದಾಗ ತಾನೂ ಹಬ್ಬದ ಫಕೀರ ಆಗ್ತೀನಂದ. ಮೊದಲನೇ ಸಲ ಕೊರಳಿಗೆ ಕೆಂಪು ದಾರದ ಲಾಡಿ ಹಾಕೂದು ಅಪ್ಪನ ಕೈ, ನಮ್ಮ ಮನಿತನದ ರೂಢಿ. ನಿನಗ ನಮ್ಮ ಅಬ್ಬಾನೇ ಹಾಕಿದ್ದ. "ಲೇ ಹುಚ್ಚಾ, ನಾ ಹಾಕ್ತೀನಿ ಬಾ" ಅಂದೆ. "ಅಬ್ಬಾಗ ಕಾರ್ಡ್ ಹಾಕೇನಿ, ಬರ್ತಾನ" ಅಂದು ಅಲಾಯಿ ಬೆಂಕಿ ಕುಣಿ ಮುಂದ ಕಾಯಕೋತ ನಿಂತ. ನೀ ಬರಲಿಲ್ಲ. ಇವನ ಜೋಡಿ ಮಗ್ಗ ನೇಯೂ ಹುಡುಗ, ಗುಡುಸಾಬನ ಮಗ ಲಾಲಸಾಬ, ನಕ್ಕೋತ ಅಂದ: "ಯಾವ ಅಪ್ಪನ್ನ ಕರಸೂಣಲೇ? ಗೋವಾದಾಂವನ್ನೋ, ಮುಂಡರಗಿಯಾಂವನ್ನೋ?" ನೀ ಬಿಟ್ಟ ಮ್ಯಾಲೆ ಇವನ ತಾಯಿ ನಜಮಾ ಮುಂಡರಗ್ಯಾಗ ಇನ್ನೊಂದು ನಿಕಾ ಮಾಡಿಕೊಂಡಾಳಲ್ಲ, ಅದಕ್ಕ. ನಮ್ಮ ಹುಡುಗ ಓಡಿ ಹೋಗಿ ಮಗ್ಗದಾಗಿನ ಲಾಳಿ ತಂದು ಅವನ ಮಾರಿಗೆ ಹೊಡದ. ಲಾಳಿಯ ಕಬ್ಬಿಣದ ಮೊನಿ ನಟ್ಟು ಆ ಹುಡುಗಂದು ಒಂದು ಕಣ್ಣು ಹೋತಪಾ.

ಮಗ್ಗ ಗುಡುಸಾಬಂದು, ನಾ ಇರೂ ಮನೀನೂ ಅವಂದೇ. ಗ್ವಾಡಿ ಆಕಡಿ ಆ ತಾಯಿ ಅಳ್ತಾಳ, ಈಕಡಿ ನಾ ಬಾಯಾಗ ಸೆರಗಿಟ್ಟುಕೊಂಡು ಕುಂತೀನಿ. ನೀರಿಗೆ ಹೋಗಾಕೂ ಅವರ ಬಾಗಲಾನ ದಾಟಬೇಕು. ಮನಿ ಬಿಟ್ಟು ಹೋಗೂಣಂದ್ರ ನಾಳೆ ಹುಡುಗ ಎಲ್ಲಿಗೆ ಬರಬೇಕು? ಅತ್ತ ದರಿ, ಇತ್ತ ಪುಲಿ ಆಗೇತಿ ನಂದು.

ಹುಡುಗನ್ನ ಬಿಡ್ರಿ ಅಂತ ಸರ್ಕಾರಿ ಮನಿ ಸಾಹೇಬ್ರಿಗೆ ಕೈ ಮುಗದೆ. "ಅಪ್ಪ ಜೀವಂತ ಅದಾನಲ್ಲಮ್ಮಾ, ಅವನೇ ಬಂದು ಜವಾಬ್ದಾರಿ ತಗೋಬೇಕು. ಇಲ್ಲಾಂದ್ರ ದೊಡ್ಡಾಂವ ಆಗೂತನಕ ಇಲ್ಲೇ" ಅಂದ್ರು. ಮುಂಡರಗಿಗೂ ಹೋದೆ. ನಜಮಾ ಹೊಸ್ತಲದಾಗ ನಿಂತು, "ಅಕ್ಕಾರ, ನನ್ನ ಗಂಡಗ ಗೊತ್ತಾದ್ರ ನನ್ನೂ ಹೊರಗ ಹಾಕ್ತಾನ್ರಿ" ಅಂತ ಅತ್ತಳು. ಬೈಬೇಕಂತ ಹೋದಾಕಿ, ಕಣ್ಣು ಒರಸಿ ಬಂದೆ.

ಹದಿನಾಲ್ಕಕ್ಕ, ಸೋಮವಾರ, ಹುಡುಗನ ಕೇಸಿನ ತಾರೀಖು ಐತಿ. ಸಂಸಾರ ಬಿಟ್ಟು ಬಾ ಅನ್ನೂದಿಲ್ಲ. ಒಂದು ದಿನ ಬಾ, ಹಡದ ತಪ್ಪಿಗರೆ ಬಾ.

ಕೂಸಿಗೆ ನನ್ನ ಮುದ್ದು. ಅದಾದ್ರೂ ಅಪ್ಪನ ತೊಡಿ ಮ್ಯಾಲೆ ಬೆಳೀಲಿ. ಅಲ್ಲಾ ನಿಮ್ಮನ್ನ ಚಲೋ ಇಟ್ಟಿರ್ಲಿ.

ನಿನ್ನ ಅಕ್ಕ
ರಸೂಲಬಿ

ತಾ.ಕ.: ನಿನ್ನೆ ಹುಡುಗನ್ನ ನೋಡಾಕ ಹೋಗಿದ್ದೆ. ಲಾಲಸಾಬನ ಕಣ್ಣು ಹೋತು ಅಂದೆ, ತಲಿ ತಗ್ಗಿಸಿದ. ಒಯ್ದ ರೊಟ್ಟಿ ಮುಟ್ಟಲಿಲ್ಲ. "ಅಬ್ಬಾಗ ಖಬರ ಮುಟ್ಟೇತೇನು?" ಅಂದ. ಈಗ ಬರೀತೀನಿ ಅಂದೆ. "ಬರ್ತಾನಲ್ಲ?" ಅಂದ. ನಾ ರೊಟ್ಟಿ ಗಂಟು ಕಟ್ಟಾಕ ಹತ್ತಿದೆ. ಆಗ ನನ್ನ ಕೈ ಹಿಡಕೊಂಡು ಕೇಳಿದ: "ಇಷ್ಟಕ್ಕೂ ಬರಲಿಲ್ಲಂದ್ರ, ನಾ ಇನ್ನೇನು ಮಾಡಬೇಕು, ಅತ್ತಿ?"