ಹಿಂಗಾಲಿನ ಜೇಬು

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಿನ್ನ ಹೆಂಡತಿಯ ಮೊಣಕಾಲು ನೋವು ಇಳಿಯಿತೇ? ಮೊಮ್ಮಗಳಿಗೆ ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಇಣುಕಿತೇ? ನಿನ್ನ ಬೀಗರೂ ಚೆನ್ನಾಗಿಯೇ ಇರಬೇಕು. ಗೋಡೆಯಗಲದ ಟಿವಿ ತಂದುಕೊಂಡವರ ಆರೋಗ್ಯಕ್ಕೇನು ಕೊರತೆ.

ನೋಡು, ಒಳ್ಳೆಯ ಮಾತು ಬರೆಯಬೇಕೆಂದು ಕೂತವನು ಆಗಲೇ ಚುಚ್ಚಿಬಿಟ್ಟೆ. ಮುಚ್ಚಿಟ್ಟು ಫಲವಿಲ್ಲ. "ಅಣ್ಣ, ನಮ್ಮ ನೀಲಿ ಅಂಗಿಯವ್ರು ಮೊದಲನೇ ಸಲ ಫುಟ್‌ಬಾಲ್ ಫೈನಲ್‌ಗೆ ಬಂದಿದಾರೆ. ಜೊತೇಲಿ ಕೂತು ನೋಡೋಣ ಅಂತ ಬೀಗರು ಕರ್ದಿದಾರೆ. ಈ ಸಲ ಹಿಂಗಾಲಿಗೆ ಬೇರೆ ಯಾರನ್ನಾದ್ರೂ ನೋಡ್ಕೋ" ಎಂದು ನೀನು ಫೋನಿನಲ್ಲಿ ಹೇಳಿದ ದಿನದಿಂದ ನನ್ನ ಹೊಟ್ಟೆಯೊಳಗೆ ಕೆಂಡ.

ಇಪ್ಪತ್ತೆರಡು ವರ್ಷ ನಮ್ಮ ಬೀದಿಯ ಕಾರ್ನಿವಲ್ ಮೆರವಣಿಗೆಯಲ್ಲಿ ನಾನು ಮುಂಗಾಲು, ನೀನು ಹಿಂಗಾಲು. ಸೋಫಾ ಹೊಲಿದು ಉಳಿದ ಬಟ್ಟೆಯಲ್ಲಿ ನಾನು ಮಾಡಿದ ಆ ಕುದುರೆ ವೇಷದೊಳಗೆ ಮೂರನೆಯವರಿಗೆ ಜಾಗವಿರಲಿಲ್ಲ. ನೀನು ಮಗಳ ಊರು ಸೇರಿದ ಮೇಲೂ ಆ ಒಂದು ಸಂಜೆ ಮಾತ್ರ ನನ್ನದು ಎಂದುಕೊಂಡಿದ್ದೆ. ಅದನ್ನೂ ಬೀಗರು ಹೊತ್ತುಕೊಂಡು ಹೋದರು. ಪಂದ್ಯದ ಹೊತ್ತಿಗೆ ಅವರ ಮನೆಯ ಕರೆಂಟು ಹೋಗಲಿ ಎಂದು ಹಾರೈಸಿದ್ದೂ ಉಂಟು. ನಿನ್ನ ಅತ್ತಿಗೆ ನಕ್ಕಳು. "ತಮ್ಮ ಟಿವಿ ನೋಡಕ್ಕೆ ಹೋದ್ರೆ ಸವತಿ ಬಂದ ಹಾಗೆ ಆಡ್ತೀರಲ್ಲ" ಅಂದಳು.

ಛಲಕ್ಕೆ ಬಿದ್ದು ಎದುರಂಗಡಿಯ ಕ್ಷೌರದವನನ್ನು ಒಪ್ಪಿಸಿದೆ. ಅವನದೊಂದೇ ಷರತ್ತು. "ದಿನವೆಲ್ಲಾ ಜನರ ಹಿಂದೆ ನಿಂತೇ ಕೆಲಸ ಮಾಡ್ತೀನಿ. ಇವತ್ತಾದ್ರೂ ನಾನು ಮುಂದೆ ನಿಲ್ಬೇಕು." ಹೀಗಾಗಿ ನಿನ್ನೆ ನಾನು ಮೊದಲ ಸಲ ಹಿಂಗಾಲಾದೆ.

ತಮ್ಮ, ಅಲ್ಲಿ ಎಷ್ಟು ಸೆಕೆ! ಕಾಣುವುದು ಮುಂದಿನವನ ಬೆವತ ಬೆನ್ನು ಮಾತ್ರ. ಇದನ್ನು ನೀನು ಒಂದು ಸಲವೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಸೊಂಟ ಹಿಡಿದು, ಆಸರೆಗೆಂದು ಕುದುರೆಯ ಒಳಪದರ ತಡಕಿದಾಗ ಕೈಗೊಂದು ಜೇಬು ಸಿಕ್ಕಿತು. ನಾನು ಇಡದ ಜೇಬು. ಉದ್ದುದ್ದ ಸೊಟ್ಟ ಹೊಲಿಗೆ. ಬಸ್ಸಿನ ಬೋಲ್ಟು ತಿರುಗಿಸಿ ದಪ್ಪವಾದ ನಿನ್ನ ಕೈ ಸೂಜಿ ಹಿಡಿದರೆ ಹೇಗಿರುತ್ತದೋ ಹಾಗೆ. ಒಳಗೆ ಪುಟ್ಟ ರೇಡಿಯೋಗೆ ಹಾಕುವ, ತುಕ್ಕು ಹಿಡಿದ ಎರಡು ಸೆಲ್ಲು, ಕಿವಿಗೆ ಸಿಕ್ಕಿಸುವ ತಂತಿಯ ಒಂದು ತುಂಡು.

ಮೆರವಣಿಗೆಯ ನಡುವೆಯೇ ನಿಂತುಬಿಟ್ಟೆ. ಮುಂಗಾಲು ಹೋಗುತ್ತಿತ್ತು, ಹಿಂಗಾಲು ಬರಲಿಲ್ಲ. ಕುದುರೆ ರಬ್ಬರಿನಂತೆ ಉದ್ದವಾಯಿತಂತೆ, ಜನ ಬಿದ್ದು ಬಿದ್ದು ನಕ್ಕರಂತೆ. ನನಗೆ ನೆನಪಾಗುತ್ತಿದ್ದುದು ಆರು ವರ್ಷದ ಹಿಂದಿನ ಆ ಜಿಗಿತ. ಬೇಕರಿಯ ಮುಂದೆ ಕುದುರೆ ಇದ್ದಕ್ಕಿದ್ದಂತೆ ಹಿಂಗಾಲೆತ್ತಿ ಕುಣಿಯಿತು, ಮೊದಲ ಬಹುಮಾನ ಬಂತು. ನಾನು ಕುಣಿಸಿದೆ ಎಂದು ಊರೆಲ್ಲಾ ಹೇಳಿಕೊಂಡು ತಿರುಗಿದೆ. ಕುಣಿಸಿದ್ದು ನೀಲಿ ಅಂಗಿಯವರ ಗೋಲು!

ಅಂದರೆ ಅಷ್ಟೂ ವರ್ಷ ಕುದುರೆಯೊಳಗೆ ನಾವಿಬ್ಬರೇ ಇರಲಿಲ್ಲ. ಬೀಗರ ಮೇಲಿನ ಕಿಚ್ಚು ಆರಿ, ಪಾಪದ ಆ ರೇಡಿಯೋ ಮೇಲೆ ಹತ್ತಿಕೊಂಡಿತು. ಒಂದು ಮಾತು ಹೇಳಬಾರದಿತ್ತೇ ಎಂದು ನಿನ್ನನ್ನು ಬೈದುಕೊಂಡೆ. ಆಮೇಲೆ ಅನ್ನಿಸಿತು, ಪಂದ್ಯವನ್ನೂ ಬಿಡಲಾರದೆ, ಅಣ್ಣನನ್ನೂ ಬಿಡಲಾರದೆ, ಆ ಸೆಕೆಯಲ್ಲಿ ಬಗ್ಗಿ ನಡೆದವನು ನೀನು. ಬಗ್ಗದೆ ಕೂತು ಒಂದು ಪಂದ್ಯ ನೋಡುವ ಆಸೆಗೆ ನಾನು ಇಷ್ಟು ಉರಿದುಕೊಂಡೆ.

ಇವತ್ತು ಬೆಳಿಗ್ಗೆ ಜೇಬು ಬಿಚ್ಚಿ ಎಸೆಯಲೆಂದೇ ಕತ್ತರಿ ಹಿಡಿದೆ. ಕೈ ಬರಲಿಲ್ಲ. ಎರಡೆಳೆ ದಾರದಲ್ಲಿ ಮತ್ತೆ ಗಟ್ಟಿಯಾಗಿ ಹೊಲಿದಿದ್ದೇನೆ. ಅಲ್ಲಿಂದ ಕುದುರೆಯ ಕುತ್ತಿಗೆಯವರೆಗೆ ತಂತಿ ಹೋಗಲು ಒಂದು ಸಣ್ಣ ದಾರಿಯನ್ನೂ ಬಿಟ್ಟಿದ್ದೇನೆ. ಮುಂದಿನ ವರ್ಷ ಒಂದು ತುದಿ ನಿನ್ನ ಕಿವಿಗೆ, ಇನ್ನೊಂದು ನನ್ನದಕ್ಕೆ. ಹಿಂದೆ ನಾನೇ ನಿಲ್ಲುತ್ತೇನೆ. ಗೋಲು ಬಿದ್ದರೆ ಯಾವಾಗ ಜಿಗಿಯಬೇಕೆಂದು ಮಾತ್ರ ನೀನು ಹೇಳಬೇಕು, ನನಗೆ ಆ ಆಟ ತಿಳಿಯದು.

ನಿನ್ನೆಯ ಪಂದ್ಯ ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ. ಸೋಫಾದ ಹತ್ತಿಯನ್ನು ಕಿವಿಗೆ ತುರುಕಿಕೊಂಡು ಮನೆ ಸೇರಿದ್ದೇನೆ. ಯಾರೂ ಹೇಳಕೂಡದೆಂದು ನಿನ್ನ ಅತ್ತಿಗೆಗೂ ಕ್ಷೌರದವನಿಗೂ ತಾಕೀತು ಮಾಡಿದ್ದೇನೆ. ಅದನ್ನು ನಿನ್ನಿಂದಲೇ ಕೇಳಬೇಕು. ಬೀಗರಿಗೂ ನಮಸ್ಕಾರ ಹೇಳು, ಎಲ್ಲರಿಗೂ ಹೇಳಿದ ಮೇಲೆ.

ನೂರು ವರ್ಷ ಬಾಳು. ಬೇಗ ಬರೆ, ಕಿವಿಯಲ್ಲಿ ಹತ್ತಿ ತುಂಬಾ ತುರಿಸುತ್ತಿದೆ.

ನಿನ್ನ ಮುಂಗಾಲು,
ಅಣ್ಣ