ಬಿಳಿಕಿವಿ ಮರಿ

ಕೊಟ್ಟೂರು
ಶನಿವಾರ, ೧೭-೧೦-೧೯೯೮

ನನ್ನ ಡಾಕ್ಟರ್ ಸೊಸೆ ಸಂಗೀತಾಳಿಗೆ ಸೋದರಮಾವ ಮೈಲಪ್ಪನ ಆಶೀರ್ವಾದ.

ಹೇಗಿದ್ದೀಯವ್ವ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಪುಸ್ತಕವನ್ನೇ ಮೇಯುತ್ತೀಯೋ? ಹಾಸ್ಟೆಲಿನ ಸಾರಿನಲ್ಲಿ ಬೇಳೆ ಸಿಗುವುದಿಲ್ಲ ಎಂದಿದ್ದೆಯಲ್ಲ, ನಿಮ್ಮವ್ವ ಈರಕ್ಕ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಕಟ್ಟುತ್ತಿದ್ದಾಳೆ. ನಾವೆಲ್ಲ ಕ್ಷೇಮ. ನನಗೆ ಮೊಣಕಾಲು ನೋವೆಂದು ಯಾರಾದರೂ ಹೇಳಿದರೆ ನಂಬಬೇಡ. ಮೊನ್ನೆ ಹರಪನಹಳ್ಳಿಯಲ್ಲಿ ಹರೆಯದವರನ್ನೆಲ್ಲ ಹಿಂದೆ ಹಾಕಿ ನಡೆದೆ. ಬಸ್ ಸ್ಟ್ಯಾಂಡಿನಿಂದ ಚಹಾದಂಗಡಿವರೆಗೆ ಮಾತ್ರ ಎಂಬುದು ಬೇರೆ ಮಾತು.

ನಿನ್ನ ಕಾಗದವೂ ಅದರೊಳಗಿನ ಅಚ್ಚಿನ ಫಾರಂಗಳೂ ಸಿಕ್ಕವು. ದಯಾಮರಣದ ಬಗ್ಗೆ ನಿಮ್ಮ ಕಾಲೇಜಿನವರು ಡಾಕ್ಟರುಗಳನ್ನೂ ಓದುವವರನ್ನೂ ಕೇಳುತ್ತಿದ್ದಾರೆ: ಗುಣವಾಗದ ರೋಗಿ ತಾನೇ ಬೇಡಿದರೆ ಜೀವ ಮುಗಿಸಬಹುದೇ, 'ಹೌದು' ಅಥವಾ 'ಇಲ್ಲ' ಎಂದು ಗುರುತು ಹಾಕಿ. ಏಳನೇ ಕ್ಲಾಸು ಓದಿದ ನನಗೇ ತಿಳಿಯಿತೆಂದ ಮೇಲೆ ಪ್ರಶ್ನೆ ಸಲೀಸು. ನಿನ್ನ ಹಾಸ್ಟೆಲಿನಲ್ಲಿ ಅರ್ಧ ಜನ ಹೌದು, ಅರ್ಧ ಜನ ಇಲ್ಲ ಅಂತ ಊಟ ಬಿಟ್ಟು ಜಗಳಾಡಿದರಂತಲ್ಲ! ನೀನು ಹೇಳಿದಂತೆ ಒಂದನ್ನು ನಮ್ಮ ಶ್ರೀನಾಥ ಡಾಕ್ಟರಿಗೆ ಒಯ್ದು ಕೊಟ್ಟೆ. ಮೂವತ್ತು ವರ್ಷ ಸೂಜಿ ಹಿಡಿದ ಮನುಷ್ಯ ಪೆನ್ನನ್ನು ಬಿಚ್ಚಿದರು, ಮುಚ್ಚಿದರು, ಕಡೆಗೆ 'ಇಲ್ಲ' ಎಂದು ಗುರುತು ಹಾಕಿದರು. ಮಡಚಿ ಕೊಡುವಾಗ, "ಹಾಕಾಕೇನೋ ಹಾಕೀನಿ ಮೈಲಪ್ಪ. ನಮ್ಮವ್ವ ಕಡೀ ತಿಂಗಳು ನರಳುವಾಗ ಕೇಳಿದ್ರ ಏನ್ ಬರೀತಿದ್ನೋ" ಅಂದರು.

ಉಳಿದದ್ದು ನಿನ್ನ ಮಾತು. ನಿನ್ನ ವಾರ್ಡಿನಲ್ಲಿರುವ ಹಡಗಲಿ ಕಡೆಯ ಮುದುಕಿ ಬೊಮ್ಮಮ್ಮ, ಗಂಟಲಿನ ಕ್ಯಾನ್ಸರಿನವಳು, "ಯವ್ವಾ, ಒಂದ್ ಸೂಜಿ ಹಾಕಿ ಕಳಿಸಿಬಿಡು" ಎಂದು ನಿನ್ನ ಕೈ ಹಿಡಿದಳು. ನೀನು ಬಿಡಿಸಿಕೊಂಡು ಓಡಿದೆ. ನಾಲ್ಕು ದಿನದಿಂದ ಆ ಮಂಚದ ಕಡೆ ಸುಳಿದಿಲ್ಲ. "ಸಾಯೋ ಮರೀನ ಬದುಕಿಸಿದ ಮಾವನ ಸೊಸಿ ನಾನು, ನನ್ನ ಕೈಲಿ ಏನೂ ಆಗವಲ್ದು, ಓದು ಬಿಟ್ಟು ಬರ್ತೀನಿ" ಎಂದು ಬರೆದಿದ್ದೀಯ. ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳುವಾಗ ಆ ಸಾಲನ್ನು ಹಾರಿಸಿದೆ.

ಆ ಮರಿ ನಿನಗಿನ್ನೂ ನೆನಪಿದೆಯಲ್ಲ! ನೀನಾಗ ಎರಡನೇ ಕ್ಲಾಸು. ಬಂಡಿ ಗಾಲಿಗೆ ಸಿಕ್ಕು ಬಿಳಿಕಿವಿ ಮರಿಯ ಸೊಂಟ ಮುರಿದಿತ್ತು. ನೀನು ಅದನ್ನು ಲಂಗದಲ್ಲಿ ಸುತ್ತಿಕೊಂಡು ಕುರಿಹಟ್ಟಿಯ ಬೇಲಿಗೆ ಒರಗಿ ಕೂತಿದ್ದೆ, ನಿನ್ನ ತಲೆಯ ಮೇಲೆಲ್ಲ ಬೇವಿನ ಹೂವು. ನಾನು ಕಂಬಳಿಯಲ್ಲಿ ಎತ್ತಿಕೊಂಡು ಹೊಳಲು ಊರಿನ ಎಲುಬು ಕಟ್ಟುವವನ ಹತ್ತಿರ ಹೊರಟೆ. ಎಂಟನೇ ದಿನ ಕುಣಿಯುವ ಮರಿ ತಂದು ನಿನ್ನ ಮುಂದೆ ಬಿಟ್ಟೆ. "ಮಾವಾ, ಇದು ನನ್ನ ಗುರ್ತಾ ಹಿಡೀವಲ್ದು" ಎಂದು ನೀನು. "ಔಷಧದ ಅಮಲು ಲೇ" ಎಂದು ನಾನು. ಮೊದಲ ಮಳೆಗೆ ಕಿವಿಯ ಬಿಳುಪು ಹೋದಾಗಲೂ "ಹೊಸ ರಕ್ತ ಹುಟ್ಟೈತಿ" ಎಂದೆ. ನೀನು ನಂಬಿದೆ, ಸುತ್ತಲ ಹಳ್ಳಿಯೂ ನಂಬಿತು. ಕಾಲು ಮುರಿದ ಮರಿ ಹೊತ್ತು ಕೂಡ್ಲಿಗಿಯಿಂದಲೂ ನನ್ನನ್ನು ಹುಡುಕಿ ಬಂದರು! ನೀನು ನನ್ನ ರುಮಾಲು ಹರಿದು ಬೊಂಬೆಗಳಿಗೆ ಪಟ್ಟಿ ಕಟ್ಟಿ, "ನಾ ಡಾಕ್ಟ್ರಾಕ್ಕೀನಿ" ಎಂದು ಶುರು ಮಾಡಿದ್ದು ಆವತ್ತೇ. ಎಂಥ ದಿನಗಳವ್ವ ಅವು.

ಮೈಲಾರಲಿಂಗ ನಿನ್ನ ಕೈ ತಣ್ಣಗಿಡಲಿ.

ನಿನ್ನ ಮಾವ
ಮೈಲಪ್ಪ

ಮತ್ತೊಂದು ಮಾತು: ಟಪಾಲಿನವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಮರಿ ಹೊಳಲು ಕಾಣಲಿಲ್ಲ. ಹಳ್ಳ ದಾಟುವಷ್ಟರಲ್ಲಿ ನೋವಿಗೆ ನನ್ನ ಕಂಬಳಿ ಕಚ್ಚುತ್ತಿತ್ತು. ಜಾಲಿಮರದ ಕೆಳಗೆ ನಾನೇ, ಈ ಕೈಯಿಂದಲೇ ಮುಗಿಸಿದೆ. ನಿನಗೆ ತಂದುಕೊಟ್ಟದ್ದು ಬೀಗರ ಹಿಂಡಿನ ಮರಿ, ಕಿವಿಗೆ ಬಳಿದದ್ದು ಸುಣ್ಣ. ಮಾಡಿದ್ದು ಸರಿಯೋ ತಪ್ಪೋ, ಹದಿನಾಲ್ಕು ವರ್ಷವಾದರೂ ಗುರುತು ಹಾಕಲು ನನಗೆ ಬಂದಿಲ್ಲ. ಕುರಿಯ ವಿಷಯದಲ್ಲೇ ಹೀಗೆ, ಇನ್ನು ಮನುಷ್ಯರದ್ದು ನಾನೇನು ಹೇಳಲಿ? ಒಂದು ಮಾತ್ರ ಗೊತ್ತು. ಮುಗಿಸುವ ಮುಂಚೆ ಬಹಳ ಹೊತ್ತು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಅಷ್ಟು ಹೊತ್ತು ಅದು ಅರಚಲಿಲ್ಲ. ಸತ್ತದ್ದನ್ನು ಬದುಕಿಸುವ ಮಾವ ನಿನಗೆ ಯಾವತ್ತೂ ಇರಲಿಲ್ಲವ್ವ. ನಿನ್ನ ಫಾರಂ ಖಾಲಿಯೇ ಇರಲಿ. ಊರಿಗೆ ಬರುವುದನ್ನು ಆಮೇಲೆ ನೋಡೋಣ. ಮೊದಲು ಹೋಗಿ ಬೊಮ್ಮಮ್ಮನ ಕೈ ಹಿಡಿದು ಕೂತುಕೋ.